ಯಾವ ಬೀರ್ ಚೆನ್ನಾಗಿದೆ? ಕುಡಿಯೋರು ಕೊಡೋ ಮಾರ್ಕ್ಸ್ ಎಷ್ಟು ನ್ಯಾಯ?

ಸಿ.ಎಸ್. ಪುರ: ನಮ್ಮ ಕಡೆ ಯಾವುದೇ ವೈನ್ಸ್ ಅಂಗಡಿ ಮುಂದೆ ನಿಂತು ‘ಯಾವ ಬೀರ್ ಚೆನ್ನಾಗಿದೆ?’ ಅಂತ ಕೇಳಿ ನೋಡಿ. ಹತ್ತು ಜನ ಹತ್ತು ಉತ್ತರ ಕೊಡ್ತಾರೆ. ಒಬ್ಬರೂ ಅನುಮಾನದಿಂದ ಹೇಳಲ್ಲ. ಒಬ್ಬರಿಗೆ ಕೆ.ಎಫ್. ಸ್ಟ್ರಾಂಗ್ ಬಿಟ್ಟರೆ ಬೇರೆ ಯಾವುದೂ ಬೀರೇ ಅಲ್ಲ. ಇನ್ನೊಬ್ಬರಿಗೆ ನಾಕೌಟೇ ಆಗಬೇಕು. ಬೆಂಗಳೂರಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಊರಿಗೆ ಬಂದ ಹುಡುಗರಿಗೆ ಬಡ್ವೈಸರ್ ಸಿಗದಿದ್ದರೆ ಮುಖ ಸಣ್ಣಗಾಗುತ್ತೆ. ‘ಅದು ಕುಡಿದರೆ ಬೆಳಗ್ಗೆ ತಲೆನೋವು’, ‘ಇದು ಬರೀ ನೀರು’, ‘ಅದರಲ್ಲಿ ಕಿಕ್ಕೇ ಇಲ್ಲ’ – ಮಾರ್ಕ್ಸ್ ಹಾಕೋದು ಹೀಗೆ.

ಇದು ಬರೀ ಹರಟೆ ಅಂತ ಬಿಟ್ಟುಬಿಡಬಹುದು. ಆದರೆ ಈ ಮಾರ್ಕ್ಸ್ ಮೇಲೇನೇ ದುಡ್ಡು ಓಡಾಡೋದು. ಯಾವ ಕೇಸ್ ಎಷ್ಟು ಇಳಿಸಬೇಕು ಅಂತ ಅಂಗಡಿಯವರು ನಿರ್ಧಾರ ಮಾಡೋದು ಗಿರಾಕಿಯ ಬಾಯಿ ಮಾತಿನಿಂದ. ದಿನಗೂಲಿಯವರು ಒಂದು ಬ್ರ್ಯಾಂಡ್ ಬಿಟ್ಟು ಇನ್ನೊಂದಕ್ಕೆ ಹೆಚ್ಚು ದುಡ್ಡು ಕೊಡೋದೂ ಅದರಿಂದಲೇ. ಬೀರ್ ರೇಟು ಈಗ ಮೊದಲಿನ ಹಾಗಿಲ್ಲ. 2023ರ ರಾಜ್ಯ ಬಜೆಟ್‌ನಲ್ಲಿ ಬೀರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 175ರಿಂದ 185ಕ್ಕೆ ಹೋಯಿತು, ಆಮೇಲೂ ಏರಿತು. 2025ರ ಜನವರಿ 20ರಿಂದ ಮತ್ತೆ ಬೆಲೆ ಜಾಸ್ತಿಯಾಯಿತು. ಇಷ್ಟು ದುಡ್ಡು ಕೊಟ್ಟು ತಗೊಳ್ಳೋ ಮಾಲಿಗೆ ಜನ ಕೊಡೋ ತೀರ್ಪು ಸರಿಯಾದದ್ದಾ ಅಂತ ನೋಡೋದರಲ್ಲಿ ತಪ್ಪಿಲ್ಲ.

ನ್ಯಾಯವಾದ ಮಾರ್ಕ್ಸ್ ಅಂದ್ರೆ ಹೇಗಿರಬೇಕು? ದೂರ ಹೋಗೋದು ಬೇಡ, ಊರಿನ ಹಾಲಿನ ಡೇರಿಗೆ ಹೋಗಿ. ಅಲ್ಲಿ ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು ಅಂತ ನೋಡ್ತಾರೆ, ಅದರ ಮೇಲೆ ರೇಟು. ಹಸು ಯಾರದ್ದು, ಗೌಡರದ್ದಾ, ಕೂಲಿಯವರದ್ದಾ ಅಂತ ಮೆಷಿನ್ ಕೇಳಲ್ಲ. ಏನನ್ನ ಅಳೀತಾರೆ ಅನ್ನೋದು ಹಾಲು ಹಾಕೋರಿಗೂ ಗೊತ್ತು, ತಗೊಳ್ಳೋರಿಗೂ ಗೊತ್ತು. ಜಗಳ ಆಗೋದು ಮೆಷಿನ್ ಸರಿಯಿಲ್ಲ ಅಂತ ಅನುಮಾನ ಬಂದಾಗ ಮಾತ್ರ. ಬೀರಿನ ವಿಷಯದಲ್ಲಿ ಈ ಎರಡೂ ಇಲ್ಲ. ಮಾರ್ಕ್ಸ್ ಹಾಕೋರು ಬಾಟಲಿ ಮೇಲಿನ ಹೆಸರು ನೋಡಿಕೊಂಡೇ ಕುಡೀತಾರೆ. ‘ಚೆನ್ನಾಗಿದೆ’ ಅಂದ್ರೆ ರುಚಿಯಾ, ಕಿಕ್ಕಾ, ತಣ್ಣಗಿರೋದಾ, ಹೆಸರಾ ಅಂತ ಯಾರೂ ಬಿಡಿಸಿ ಹೇಳಲ್ಲ.

ಲೇಬಲ್ ಕಿತ್ತು ಹಾಕಿದಾಗ ಏನಾಯ್ತು

ಹೆಸರು ಕಾಣದಿದ್ದರೆ ಏನಾಗುತ್ತೆ ಅನ್ನೋದನ್ನ ಅಮೆರಿಕದಲ್ಲಿ ಅರವತ್ತು ವರ್ಷದ ಹಿಂದೆಯೇ ನೋಡಿದ್ದಾರೆ. 1964ರಲ್ಲಿ ಆಲಿಸನ್ ಮತ್ತು ಉಲ್ ಅನ್ನೋ ಇಬ್ಬರು ಅಧ್ಯಯನಕಾರರು ಇದರ ಬಗ್ಗೆ ಬರೆದರು. ವಾರಕ್ಕೆ ಮೂರು ಸಲವಾದರೂ ಬೀರ್ ಕುಡಿಯೋ 326 ಜನರನ್ನ ಆರಿಸಿ, ಮೊದಲು ಲೇಬಲ್ ಕಿತ್ತ ಬಾಟಲಿಗಳನ್ನ ಮನೆಗೇ ಕಳಿಸಿದರು. ಕುಡಿದು ಮಾರ್ಕ್ಸ್ ಹಾಕಿ ಅಂದ್ರು. ಬ್ರ್ಯಾಂಡ್‌ಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಜನಕ್ಕೆ ಸಿಗಲಿಲ್ಲ. ‘ನಾನು ಇದನ್ನ ಬಿಟ್ಟು ಬೇರೆ ಮುಟ್ಟಲ್ಲ’ ಅನ್ನೋರೂ ತಮ್ಮ ಬ್ರ್ಯಾಂಡಿಗೆ ವಿಶೇಷ ಮಾರ್ಕ್ಸ್ ಏನೂ ಕೊಡಲಿಲ್ಲ. ಮುಂದಿನ ವಾರ ಲೇಬಲ್ ಇರೋ ಬಾಟಲಿ ಬಂತು. ಆಗ ಮಾರ್ಕ್ಸ್ ಒಟ್ಟಾರೆ ಏರಿತು, ಅದರಲ್ಲೂ ತಮ್ಮ ತಮ್ಮ ಬ್ರ್ಯಾಂಡಿಗೆ ಚೆನ್ನಾಗಿ ಏರಿತು. ಬದಲಾಗಿದ್ದು ಬಾಟಲಿ ಹೊರಗಿನ ಕಾಗದ ಮಾತ್ರ.

2006ರಲ್ಲಿ ಬಾಸ್ಟನ್ ಕಡೆಯ ಪಬ್‌ಗಳಲ್ಲಿ ಇನ್ನೊಂದು ತಮಾಷೆ ಮಾಡಿದರು. ಬೀರಿಗೆ ಕೆಲವು ಹನಿ ವಿನಿಗರ್ ಬೆರೆಸಿ ಕೊಟ್ಟರು. ಸುಮ್ಮನೆ ಕೊಟ್ಟಾಗ ಬಹಳ ಜನ ಅದೇ ಚೆನ್ನಾಗಿದೆ ಅಂದ್ರು. ‘ಇದರಲ್ಲಿ ವಿನಿಗರ್ ಇದೆ’ ಅಂತ ಮೊದಲೇ ಹೇಳಿ ಕೊಟ್ಟಾಗ ಇಷ್ಟಪಟ್ಟವರು ಕಡಿಮೆ. ಕುಡಿದ ಮೇಲೆ ಹೇಳಿದಾಗ ಮತ್ತೆ ಇಷ್ಟಪಟ್ಟವರೇ ಜಾಸ್ತಿ. ಅಂದ್ರೆ ಕೇಳಿದ ಮಾತು ನಾಲಿಗೆಗೂ ಮುಂಚೆ ತೀರ್ಪು ಕೊಟ್ಟುಬಿಡುತ್ತೆ. ‘ಅದು ಗಬ್ಬು ಬೀರ್ ಗುರು’ ಅಂತ ಗೆಳೆಯ ಮೊದಲೇ ಹೇಳಿದ್ದರೆ ಆಮೇಲೆ ನೀವು ಕೊಡೋ ಮಾರ್ಕ್ಸ್ ನಿಮ್ಮದಲ್ಲ, ಅವನದ್ದು.

ಇದನ್ನ ಪರೀಕ್ಷೆ ಮಾಡೋಕೆ ಒಂದು ಸುಲಭ ವಿಧಾನ ಇದೆ. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕಂಪನಿಯವರು ಇದನ್ನ ಬಳಸ್ತಿದ್ರು, ಇವತ್ತಿಗೂ ಆಹಾರದ ಕಂಪನಿಗಳಲ್ಲಿ ನಡೀತಿದೆ. ಮೂರು ಲೋಟ ಇಡಬೇಕು. ಎರಡರಲ್ಲಿ ಒಂದೇ ಬೀರ್, ಮೂರನೆಯದರಲ್ಲಿ ಬೇರೆ. ಯಾವುದು ಬೇರೆ ಅಂತ ಹೇಳಬೇಕು, ಅಷ್ಟೇ. ಕಣ್ಣುಮುಚ್ಚಿ ಬೆರಳು ಇಟ್ಟರೂ ಮೂರಕ್ಕೊಂದು ಸಲ ಸರಿಯಾಗುತ್ತೆ. ಅದಕ್ಕೇ ಒಂದು ಸಲ ಹೇಳಿದರೆ ಸಾಲದು. ನಾಲ್ಕು ಸಲ ಸತತವಾಗಿ ಬರೀ ಅದೃಷ್ಟದ ಮೇಲೆ ಸರಿ ಹೇಳೋದು 81ಕ್ಕೆ ಒಂದು ಸಲ ಮಾತ್ರ. ಯುರೋಪಿನ ಮೂರು ಹೆಸರಾಂತ ಲಾಗರ್ ಬೀರ್‌ಗಳನ್ನ ಹೀಗೇ ಪರೀಕ್ಷೆಗೆ ಇಟ್ಟು 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಹುಪಾಲು ಜನರ ಉತ್ತರ ಊಹೆಗಿಂತ ದೊಡ್ಡದೇನೂ ಇರಲಿಲ್ಲ. ಅದರಲ್ಲಿ ಹೈನಕೆನ್ ಕೂಡ ಇತ್ತು.

ನಮ್ಮ ಅಂಗಡಿಗಳಲ್ಲಿ ಸಿಗೋ ಬಾಟಲಿಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ಈ ಲಾಗರ್ ಜಾತಿಗೇ ಸೇರಿದವು. ಕುಡಿಯದವರು ಇದನ್ನ ಕೋಲಾದಲ್ಲೋ, ಎರಡು ಬ್ರ್ಯಾಂಡ್ ಕಾಫಿ ಪುಡಿಯಲ್ಲೋ ಮಾಡಿ ನೋಡಬಹುದು. ಮನೆಯಲ್ಲಿ ಒಳ್ಳೇ ಜಗಳ ಆಗುತ್ತೆ.

ಇನ್ನು ನಮ್ಮದೇ ಕೆಲವು ನಂಬಿಕೆಗಳಿವೆ. ಹಳಬರು ಬಾಟಲಿ ತೆಗೆದ ತಕ್ಷಣ ಬಾಯಿಗೆ ಹೆಬ್ಬೆರಳು ಇಟ್ಟು ತಲೆಕೆಳಗು ಮಾಡಿ ನೀರಿನ ಲೋಟದಲ್ಲಿ ಅದ್ದುತ್ತಾರೆ. ಬಾಟಲಿಯಿಂದ ಎಳೆ ಎಳೆಯಾಗಿ ಏನೋ ಕೆಳಗೆ ಇಳಿಯೋದು ಕಾಣುತ್ತೆ. ‘ನೋಡು, ಗ್ಲಿಸರಿನ್ ಹೋಯ್ತು, ಈಗ ಕುಡಿ’ ಅಂತಾರೆ. ಇಳಿಯೋದು ಬೀರೇ. ಬೀರಲ್ಲಿ ಉಳಿದಿರೋ ಸಕ್ಕರೆ, ಧಾನ್ಯದ ಅಂಶ ಎಲ್ಲಾ ಸೇರಿ ಅದು ನೀರಿಗಿಂತ ಸ್ವಲ್ಪ ಭಾರ ಇರುತ್ತೆ, ಅದಕ್ಕೇ ನೀರಲ್ಲಿ ಕೆಳಗೆ ಹೋಗುತ್ತೆ. ಶರಬತ್ತನ್ನ ನೀರಿಗೆ ಬಿಟ್ಟರೂ ಹಾಗೇ ಕಾಣುತ್ತೆ. ಗ್ಲಿಸರಿನ್ ಅನ್ನೋದು ಯೀಸ್ಟ್ ಹುಳಿ ಬರಿಸುವಾಗ ತಾನಾಗೇ ಹುಟ್ಟೋ ವಸ್ತು, ಪ್ರಪಂಚದ ಎಲ್ಲಾ ಬೀರಲ್ಲೂ ಒಂದು ಲೀಟರಿಗೆ ಒಂದೆರಡು ಗ್ರಾಂನಷ್ಟು ಇರುತ್ತೆ. ಲೋಟದಲ್ಲಿ ಅದ್ದಿದರೆ ಅದೊಂದೇ ಆರಿಸಿ ಹೊರಗೆ ಬರಲ್ಲ. ಕಾಸು ಕೊಟ್ಟ ಬೀರೇ ಒಂದಿಷ್ಟು ಹಾಳು. ಆದರೆ ಈ ಶಾಸ್ತ್ರ ಮಾಡಿದ ಮೇಲೆ ಕುಡಿದವರು ಮಾರ್ಕ್ಸ್ ಜಾಸ್ತಿ ಕೊಡ್ತಾರೆ, ಅದಂತೂ ಗ್ಯಾರಂಟಿ.

ಇನ್ನೊಂದು, ‘ಗೋವಾದಲ್ಲಿ ಕುಡಿದ ಕಿಂಗ್‌ಫಿಷರೇ ಬೇರೆ’. ಬೀರ್ ಬೇರೆ ಕಡೆ ತಯಾರಾಗಿರೋದು ನಿಜ. ಅಬಕಾರಿ ಪ್ರತಿ ರಾಜ್ಯದಲ್ಲೂ ಬೇರೆ ಬೇರೆ ಇರೋದರಿಂದ ದೊಡ್ಡ ಕಂಪನಿಗಳು ಆಯಾ ರಾಜ್ಯದಲ್ಲೇ ಕಾರ್ಖಾನೆ ಇಟ್ಟುಕೊಂಡಿವೆ. ಕರ್ನಾಟಕದಲ್ಲಿ ಮಾತ್ರ ಮಾರಾಟಕ್ಕೆ ಅಂತ ನಮ್ಮ ಬಾಟಲಿ ಮೇಲೆ ಬರೆದಿರೋದು ಅದಕ್ಕೇ. ಕಿಂಗ್‌ಫಿಷರ್ ಮಾಡೋ ಯುನೈಟೆಡ್ ಬ್ರೂವರೀಸ್‌ನ ಒಂದು ಘಟಕ ನಮಗೆ ಹತ್ತಿರದ ನೆಲಮಂಗಲದಲ್ಲೇ ಇದೆ. ಅಷ್ಟು ಹತ್ತಿರದಿಂದ ಬರೋ ಬೀರ್ ನಮಗೆ ಯಾಕೆ ರುಚಿಸಲ್ಲ? ಸಮುದ್ರ, ರಜಾ, ಗೆಳೆಯರು, ಕಡಿಮೆ ರೇಟು, ಇವೆಲ್ಲಾ ಸೇರಿ ಗೋವಾದ ಬಾಟಲಿಗೆ ಐದಕ್ಕೆ ಐದು ಕೊಡಿಸುತ್ತವೆ ಅನ್ನೋದು ಅರ್ಧ ಉತ್ತರ. ಇನ್ನರ್ಧ ಇರೋದು ಬಾಟಲಿ ಕಾರ್ಖಾನೆಯಿಂದ ಹೊರಟ ಮೇಲಿನ ಕಥೆಯಲ್ಲಿ.

ತಪ್ಪು ಬಿಸಿಲಿನದ್ದು, ಬೈಗುಳ ಬ್ರ್ಯಾಂಡಿಗೆ

ಅಂಗಡಿಯವರು ಇದನ್ನ ಸ್ವಲ್ಪ ಗಮನ ಕೊಟ್ಟು ಓದಬೇಕು. ಬೀರ್ ವಿಸ್ಕಿ ತರ ಅಲ್ಲ, ಇಟ್ಟಷ್ಟು ದಿನ ಇರೋ ಮಾಲಲ್ಲ. ಹೆಚ್ಚು ಕಡಿಮೆ ಬ್ರೆಡ್ಡಿನ ಹಾಗೆ, ದಿನ ಕಳೆದಂತೆ ಹಳಸುತ್ತೆ. ನಮ್ಮಲ್ಲಿ ಬರೋ ಬಾಟಲಿಗಳ ಮೇಲೆ ಸಾಮಾನ್ಯವಾಗಿ ತಯಾರಾದ ದಿನದಿಂದ ಆರು ತಿಂಗಳು ಅಂತ ಇರುತ್ತೆ. ಕಾರ್ಖಾನೆಯಿಂದ ಕೆ.ಎಸ್.ಬಿ.ಸಿ.ಎಲ್. ಡಿಪೋ, ಅಲ್ಲಿಂದ ಲಾರಿ ಅಥವಾ ಗೂಡ್ಸ್ ಆಟೋ, ಆಮೇಲೆ ಅಂಗಡಿ ಹಿಂದಿನ ತಗಡಿನ ಶೆಡ್, ಕೊನೆಗೆ ಫ್ರಿಡ್ಜ್. ಈ ದಾರಿಯಲ್ಲಿ ಎರಡು ಶತ್ರುಗಳು: ಸೆಕೆ ಮತ್ತು ಬಿಸಿಲು.

ಸೆಕೆ ಜಾಸ್ತಿಯಾದಷ್ಟೂ ಬೀರ್ ಬೇಗ ಹಳಸುತ್ತೆ. ಸುಮಾರಾಗಿ ಹೇಳೋದಾದ್ರೆ ಪ್ರತಿ ಹತ್ತು ಡಿಗ್ರಿಗೆ ವೇಗ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಏಪ್ರಿಲ್‌ನಲ್ಲಿ ತಗಡಿನ ಕೆಳಗೆ ಇಟ್ಟ ಕೇಸ್‌ನಲ್ಲಿ ಒಂದು ತಿಂಗಳು ಕಳೆದರೆ, ತಂಪಾದ ರೂಮಿನಲ್ಲಿ ಎರಡು ಮೂರು ತಿಂಗಳು ಕಳೆದಷ್ಟು ವಯಸ್ಸಾಗಿರುತ್ತೆ. ದಿನಾಂಕ ಇನ್ನೂ ಮುಗಿದಿರಲ್ಲ, ರುಚಿ ಮಾತ್ರ ಒದ್ದೆ ರಟ್ಟಿನ ಹಾಗೆ ಆಗಿರುತ್ತೆ.

ಬಿಸಿಲಿನದು ಬೇರೆ ಕಥೆ. ಬೀರಿಗೆ ಕಹಿ ಬರೋದು ಹಾಪ್ ಅನ್ನೋ ಹೂವಿನಿಂದ. ಅದರ ಕಹಿ ಅಂಶಕ್ಕೆ ನೇರ ಬೆಳಕು ಬಿದ್ದರೆ ಗಂಧಕದ ನಾತ ಬರೋ ವಸ್ತು ಹುಟ್ಟುತ್ತೆ. ಅದು ಎಷ್ಟು ಜೋರು ಅಂದ್ರೆ ಅತಿ ಸಣ್ಣ ಪ್ರಮಾಣ ಇದ್ದರೂ ಮೂಗಿಗೆ ತಿಳಿಯುತ್ತೆ. ಕಂದು ಬಣ್ಣದ ಬಾಟಲಿ ಈ ಬೆಳಕನ್ನ ಚೆನ್ನಾಗಿ ತಡೆಯುತ್ತೆ, ಹಸಿರು ಬಾಟಲಿ ಕಡಿಮೆ ತಡೆಯುತ್ತೆ, ಬಣ್ಣವಿಲ್ಲದ ಗಾಜು ತಡೆಯೋದೇ ಇಲ್ಲ ಅನ್ನಬಹುದು. ಶೋಕಿಗೆ ಅಂತ ಹಸಿರು ಬಾಟಲಿಯನ್ನ ಅಂಗಡಿ ಮುಂದೆ ಬಿಸಿಲು ಬೀಳೋ ಕಡೆ ಜೋಡಿಸಿಟ್ಟರೆ ದುಬಾರಿ ಬೀರೇ ಮೊದಲು ಕೆಡೋದು. ಕ್ಯಾನಿಗೆ ಈ ತೊಂದರೆ ಇಲ್ಲ.

ಹೀಗೆ ಕೆಟ್ಟ ಬಾಟಲಿ ಕುಡಿದ ಗಿರಾಕಿ ಏನಂತಾನೆ? ‘ಈ ಅಂಗಡೀಲಿ ಕೇಸ್ ಬಿಸಿಲಲ್ಲಿತ್ತು’ ಅನ್ನಲ್ಲ. ‘ಆ ಬ್ರ್ಯಾಂಡ್ ಸರಿಯಿಲ್ಲ’ ಅಂತಾನೆ. ಹತ್ತು ಜನಕ್ಕೆ ಹೇಳ್ತಾನೆ, ಆ ಬ್ರ್ಯಾಂಡ್ ಓಡಲ್ಲ. ಓಡದಿದ್ದಕ್ಕೆ ಸ್ಟಾಕ್ ಇನ್ನಷ್ಟು ಹಳೆಯದಾಗುತ್ತೆ, ಮುಂದಿನ ಬಾಟಲಿ ಇನ್ನೂ ಕೆಟ್ಟಿರುತ್ತೆ. ಜಾಸ್ತಿ ಓಡೋ ಬ್ರ್ಯಾಂಡ್ ಮಾತ್ರ ವಾರ ವಾರ ಹೊಸದಾಗಿ ಬರುತ್ತೆ, ಅದರ ಹೆಸರು ಇನ್ನೂ ಮೇಲೆ ಹೋಗುತ್ತೆ. ಚೆನ್ನಾಗಿದೆ ಅಂತ ಓಡ್ತಿದೆಯಾ, ಓಡ್ತಿದೆ ಅಂತ ಚೆನ್ನಾಗಿದೆಯಾ ಅಂತ ಹೇಳೋದೇ ಕಷ್ಟ. ನನ್ನ ಪ್ರಕಾರ ನಮ್ಮ ಹೋಬಳಿ ಮಟ್ಟದ ಮಾರ್ಕ್ಸ್‌ನಲ್ಲಿ ಅತಿ ದೊಡ್ಡ ಅನ್ಯಾಯ ಇದೇ.

‘ಒಂದು ಸಲ ಕೂಲಾದ ಬೀರ್ ಮತ್ತೆ ಬಿಸಿಯಾದ್ರೆ ಕೆಟ್ಟೋಯ್ತು’ ಅನ್ನೋ ಮಾತಿಗೆ ಮಾತ್ರ ಅಷ್ಟು ಹೆದರಬೇಕಾಗಿಲ್ಲ. ಎರಡು ಗಂಟೆ ಕರೆಂಟ್ ಹೋಗಿ ಬಂದರೆ ಏನೂ ಆಗಲ್ಲ. ಒಟ್ಟು ಎಷ್ಟು ದಿನ ಎಷ್ಟು ಸೆಕೆಯಲ್ಲಿತ್ತು ಅನ್ನೋದೇ ಲೆಕ್ಕ. ತುಂಬಾ ಚಿಲ್ಡ್ ಆದ ಬೀರಲ್ಲಿ ನಾಲಿಗೆಗೆ ರುಚಿ ಸರಿಯಾಗಿ ಗೊತ್ತಾಗಲ್ಲ, ಹಾಗಾಗಿ ಫ್ರಿಡ್ಜ್ ಚೆನ್ನಾಗಿರೋ ಅಂಗಡಿಯಲ್ಲಿ ಎಲ್ಲಾ ಬ್ರ್ಯಾಂಡೂ ಪಾಸ್. ಎಷ್ಟೋ ಸಲ ಜನ ಮಾರ್ಕ್ಸ್ ಕೊಡ್ತಿರೋದು ಫ್ರಿಡ್ಜಿಗೆ.

ಮೊಬೈಲ್‌ನಲ್ಲಿ ಸ್ಟಾರ್ ಒತ್ತುವವರು

ನಮ್ಮ ಜನ ಬಾಯಲ್ಲಿ ಹೇಳೋದನ್ನ ಹೊರದೇಶದವರು, ಈಗ ಬೆಂಗಳೂರಿನ ಪಬ್‌ಗೆ ಹೋಗೋರೂ, ಮೊಬೈಲ್‌ನಲ್ಲಿ ದಾಖಲೆ ಮಾಡ್ತಾರೆ. 2010ರಲ್ಲಿ ಶುರುವಾದ ಅನ್‌ಟ್ಯಾಪ್ಡ್ ಅನ್ನೋ ಆ್ಯಪ್‌ನಲ್ಲಿ ಐದಕ್ಕೆ ಇಷ್ಟು ಅಂತ ಹಾಕಬೇಕು. ಅದಕ್ಕೂ ಹತ್ತು ವರ್ಷ ಮುಂಚೆ, 2000ದಲ್ಲಿ ರೇಟ್‌ಬೀರ್ ಬಂದಿತ್ತು. ಲಕ್ಷಾಂತರ ಜನ ಸೇರಿ ಕೊಟ್ಟ ಮಾರ್ಕ್ಸ್ ಅಲ್ವಾ, ಅದಾದರೂ ನ್ಯಾಯವಾಗಿರಬೇಕು ಅನ್ನಿಸುತ್ತೆ.

ಅಂಥ ಕಡೆ ನಮ್ಮ ಸ್ಟ್ರಾಂಗ್ ಬೀರ್‌ಗಳಿಗೆ ಸಿಗೋದು ಪಟ್ಟಿಯ ಕೆಳಗಿನ ಜಾಗ. ಮೇಲೆ ಇರೋದು ಕಪ್ಪು ಬಣ್ಣದ, ಗಟ್ಟಿಯಾದ, ಶೇ 10–12 ಆಲ್ಕೋಹಾಲ್ ಇರೋ, ಕೈಗೆ ಸಿಗದ ಬೀರ್‌ಗಳು. ಬೆಲ್ಜಿಯಂನಲ್ಲಿ ಸೇಂಟ್ ಸಿಕ್ಸ್‌ಟಸ್ ಅನ್ನೋ ಮಠ ಇದೆ. ಅಲ್ಲಿನ ಸನ್ಯಾಸಿಗಳು ಮಾಡೋ ವೆಸ್ಟ್‌ವ್ಲೆಟರೆನ್ 12 ಅನ್ನೋ ಬೀರನ್ನ 2005ರಲ್ಲಿ ರೇಟ್‌ಬೀರ್ ಜಗತ್ತಿನಲ್ಲೇ ಶ್ರೇಷ್ಠ ಅಂತ ಹೇಳಿತು. ಮಠದ ಬಾಗಿಲಿಗೆ ಕಾರುಗಳ ಸಾಲು ಹತ್ತಿತು. ಸನ್ಯಾಸಿಗಳು ಮಾತ್ರ ತಮ್ಮ ಖರ್ಚಿಗೆ ಆಗುವಷ್ಟು ಮಾಡಿ ಸುಮ್ಮನಾದರು, ಜಾಸ್ತಿ ತಯಾರಿಸಲಿಲ್ಲ. ಸಿಗಲ್ಲ ಅಂದ ಮೇಲೆ ಅದರ ಹೆಸರು ಇನ್ನೂ ಬೆಳೀತು. ಗಂಟೆಗಟ್ಟಲೆ ಸಾಲಲ್ಲಿ ನಿಂತು ತಂದ ಬಾಟಲಿಗೆ ‘ಸುಮಾರಾಗಿದೆ’ ಅಂತ ಯಾರು ಮಾರ್ಕ್ಸ್ ಹಾಕ್ತಾರೆ ಹೇಳಿ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು 2013ರಲ್ಲಿ ಇಂಥ ಲಕ್ಷಾಂತರ ಮಾರ್ಕ್ಸ್ ತೆಗೆದು ನೋಡಿದರು. ಮಾರ್ಕ್ಸ್ ಹಾಕಿ ಹಾಕಿ ಅನುಭವ ಬಂದಂತೆ ಜನರ ರುಚಿಯೇ ಬದಲಾಗುತ್ತೆ, ಅನುಭವಿಗಳೆಲ್ಲಾ ಒಂದೇ ತರ ಹಾಕೋಕೆ ಶುರು ಮಾಡ್ತಾರೆ, ಒಳ್ಳೇದಕ್ಕೆ ಇನ್ನೂ ಜಾಸ್ತಿ, ಸಾಧಾರಣದ್ದಕ್ಕೆ ಇನ್ನೂ ಕಡಿಮೆ ಅಂತ ಗೊತ್ತಾಯಿತು. ಅನುಭವ ಬಂದ ನಾಲಿಗೆ ನಿಜವಾಗಲೂ ಚುರುಕಾಗುತ್ತೆ, ಅದನ್ನ ಅಲ್ಲಗಳೆಯೋಕಾಗಲ್ಲ. ಆದರೆ ಸುಡು ಬಿಸಿಲಲ್ಲಿ ದಣಿದು ಬಂದವರಿಗೆ ಅಂತ ತೆಳ್ಳಗೆ ಮಾಡಿದ ಲಾಗರನ್ನ ಯುರೋಪಿನ ಚಳಿಗೆ ಮಾಡಿದ ಬೀರ್ ಪಕ್ಕ ಇಟ್ಟು ಅಳೆಯೋದು, ಮಜ್ಜಿಗೆಗೆ ಪಾಯಸದಷ್ಟು ಗಟ್ಟಿಯಿಲ್ಲ ಅಂತ ಮಾರ್ಕ್ಸ್ ಕಡಿಮೆ ಮಾಡಿದ ಹಾಗೆ.

ಮತ್ತೆ ತಕ್ಕಡಿ ಯಾರ ಕೈಯಲ್ಲಿದೆ ಅನ್ನೋ ಪ್ರಶ್ನೆ. ಬಡ್ವೈಸರ್ ಒಡೆಯರಾದ ಎಬಿ ಇನ್‌ಬೆವ್ ಕಂಪನಿಯ ಅಂಗಸಂಸ್ಥೆ ರೇಟ್‌ಬೀರ್‌ನಲ್ಲಿ ಪಾಲು ತಗೊಂಡಿದ್ದು 2017ರಲ್ಲಿ ಹೊರಗೆ ಬಂತು. ಕೆಲವು ಸಣ್ಣ ಬೀರ್ ತಯಾರಕರು ‘ನಮ್ಮ ಹೆಸರು ತೆಗೀರಿ’ ಅಂತ ಕೂತರು. 2019ರ ಹೊತ್ತಿಗೆ ಪೂರ್ತಿ ಅವರದ್ದೇ ಆಯಿತು, 2025ರ ಫೆಬ್ರುವರಿಯಲ್ಲಿ ಬಾಗಿಲೂ ಹಾಕಿತು. ಡೇರಿ ಮೆಷಿನ್ನನ್ನ ಹಾಲು ಹಾಕೋರಲ್ಲಿ ಒಬ್ಬರೇ ಕೊಂಡುಕೊಂಡರೆ ಉಳಿದವರು ಸುಮ್ಮನಿರ್ತಾರಾ?

ಕಿಕ್ಕಿನ ಲೆಕ್ಕ

ಇಷ್ಟೆಲ್ಲಾ ಹೇಳಿದ ಮೇಲೆ ನಮ್ಮ ಜನರ ‘ಕಿಕ್’ ಮಾರ್ಕ್ಸ್ ಬಗ್ಗೆ ಒಂದು ಮಾತು. ಅದು ರುಚಿಯ ಅಳತೆಯಲ್ಲ, ಆದರೆ ಒಂದು ರೀತಿ ಪ್ರಾಮಾಣಿಕ ಅಳತೆ. ಕೊಟ್ಟ ದುಡ್ಡಿಗೆ ಎಷ್ಟು ಆಲ್ಕೋಹಾಲ್ ಬಂತು ಅಂತ. ಡೇರಿಯ ಫ್ಯಾಟಿನ ಹಾಗೆ ಇದನ್ನ ಲೆಕ್ಕ ಹಾಕಬಹುದು. ಆದರೆ ಲೆಕ್ಕ ಹಾಕೋರೇ ಕಡಿಮೆ, ಅಂದಾಜಿನ ಮೇಲೆ ಓಡಿಸ್ತಾರೆ.

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಶೇ 5ರವರೆಗೆ ಇದ್ದರೆ ಮೈಲ್ಡ್, 5 ದಾಟಿ 8ರವರೆಗೆ ಇದ್ದರೆ ಸ್ಟ್ರಾಂಗ್. ಎಲ್ಲಾ ಸ್ಟ್ರಾಂಗ್ ಬೀರಿಗೂ ಮೇಲಿನ ಗಡಿ 8. ಹಾಗಾಗಿ ಎರಡು ಸ್ಟ್ರಾಂಗ್ ಬ್ರ್ಯಾಂಡ್‌ಗಳ ನಡುವೆ ‘ಇದು ಡಬಲ್ ಕಿಕ್’ ಅನ್ನೋದಕ್ಕೆ ಆಧಾರ ಕಡಿಮೆ. ಹೊಟ್ಟೆ ಖಾಲಿಯಿತ್ತಾ, ಎಷ್ಟು ಬೇಗ ಕುಡಿದರು, ಇದರಿಂದಲೇ ಹೆಚ್ಚು ವ್ಯತ್ಯಾಸ. 650 ಎಂ.ಎಲ್. ಬಾಟಲಿ ಶೇ 8 ಇದ್ದರೆ ಅದರಲ್ಲಿ 52 ಎಂ.ಎಲ್. ಆಲ್ಕೋಹಾಲ್, ತೂಕದಲ್ಲಿ ಸುಮಾರು 41 ಗ್ರಾಂ. ಮೈಲ್ಡ್ ಶೇ 5 ಇದ್ದರೆ ಸುಮಾರು 26 ಗ್ರಾಂ. ಈಗ ವಿಸ್ಕಿಯ 90 ಎಂ.ಎಲ್. ಪ್ಯಾಕೆಟ್ ತಗೊಳ್ಳಿ, ಶೇ 42.8 ಲೆಕ್ಕದಲ್ಲಿ ಸುಮಾರು 30 ಗ್ರಾಂ. ಅಂದ್ರೆ ‘ಬೀರ್ ಅಷ್ಟೇ ಕಣಣ್ಣ, ಎಣ್ಣೆ ಅಲ್ಲ’ ಅಂತ ಹಗುರಾಗಿ ಹೇಳೋ ಒಂದು ಸ್ಟ್ರಾಂಗ್ ಬಾಟಲಿ ಆ ಪ್ಯಾಕೆಟ್ಟಿಗಿಂತ ಮೂರನೇ ಒಂದು ಪಾಲು ಜಾಸ್ತಿ.

ಬೀರಿಗೆ ನಾವು ಕೊಟ್ಟಿರೋ ಎಲ್ಲಾ ಮಾರ್ಕ್ಸ್‌ಗಳಲ್ಲಿ ಅತಿ ತಪ್ಪಾದದ್ದು ಈ ‘ಲೈಟ್’ ಅನ್ನೋದು. ಬೇರೆ ತಪ್ಪಿಗೆ ಹೋಗೋದು ಹತ್ತಿಪ್ಪತ್ತು ರೂಪಾಯಿ, ಇದಕ್ಕೆ ಹೋಗೋದು ಬೈಕ್ ಮೇಲಿರೋ ಜೀವ. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. 60 ಕೆ.ಜಿ. ತೂಕದ ಗಂಡಸು ಸ್ಟ್ರಾಂಗ್ ಬಾಟಲಿ ಒಂದನ್ನ ಬೇಗ ಮುಗಿಸಿದರೆ ಲೆಕ್ಕದ ಪ್ರಕಾರ 100ರ ಹತ್ತಿರ ಹೋಗುತ್ತೆ, ಮೈಲ್ಡ್ ಆದರೂ 60. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಅಂಗಡಿಯವರು ಮಾಡಬಹುದಾದ ಕೆಲಸ ಇಷ್ಟೇ: ಹೊಸ ಕೇಸ್ ಬಂದಾಗ ಹಳೇದನ್ನ ಮುಂದಕ್ಕೆ ಎಳೆದು ಹೊಸದನ್ನ ಹಿಂದೆ ಇಡೋದು, ಹಸಿರು ಬಾಟಲಿಯನ್ನ ನೆರಳಿಗೆ ಹಾಕೋದು, 21 ತುಂಬದವರಿಗೆ ಕೊಡದೇ ಇರೋದು. ಕೊಳ್ಳೋರು ಬ್ರ್ಯಾಂಡ್ ಕೇಳೋ ಮುಂಚೆ ತಯಾರಾದ ತಿಂಗಳು ನೋಡಬೇಕು. ಎರಡು ಬಾಟಲಿಯಲ್ಲಿ ಯಾವುದು ರುಚಿಯಾಗಿರುತ್ತೆ ಅಂತ ಹೇಳೋಕೆ ಲೇಬಲ್‌ನ ಚಿತ್ರಕ್ಕಿಂತ ಆ ಸಣ್ಣ ಅಕ್ಷರವೇ ಹೆಚ್ಚು ನಂಬಿಕಸ್ತ. ಬೈಕಲ್ಲಿ ಬಂದವರಿಗೆ ಇನ್ನೊಂದು ಲೆಕ್ಕ ಇದೆ. ದೇಹ ಗಂಟೆಗೆ ಇಳಿಸೋದು ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲ್ ಮಾತ್ರ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಆ ವೇಗ ಹೆಚ್ಚಿಸಲ್ಲ. ರಾತ್ರಿ ಎಂಟೂವರೆಗೆ ಮುಗಿಸಿದ ಒಂದು ಸ್ಟ್ರಾಂಗ್ ಬಾಟಲಿ ಮೈಯಿಂದ ಪೂರ್ತಿ ಇಳಿಯೋ ಹೊತ್ತಿಗೆ ನಡುರಾತ್ರಿ ಕಳೆದು ಒಂದೂವರೆ ಆಗಿರುತ್ತೆ.